ಜರ್ಮನ್ ಪ್ರಜೆ ಎನಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿ ಆರು ವರ್ಷಗಳಿಂದ ಎಂಜಿನಿಯರ್ ಆಗಿರುವ ನನ್ನ ಮಗ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದಾನೆ. ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷ ಎರಡನೇ ಸ್ಥಾನಕ್ಕೆ ಬಂದಿರುವಾಗ, ಆ ದೇಶ ಅವನನ್ನು ತನ್ನವನೆಂದು ಒಪ್ಪೀತೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕಾನೂನು ಖಂಡಿತ ಒಪ್ಪುತ್ತದೆ. ಸಮಾಜ ಒಪ್ಪುತ್ತದೆಯೇ ಎಂಬುದರ ಬಗ್ಗೆ ಜರ್ಮನರಲ್ಲಿಯೇ ಒಮ್ಮತವಿಲ್ಲ, ಮತ್ತು ಆ ವಾದ ಹೊಸದೂ ಅಲ್ಲ.

1913ರ ಪೌರತ್ವ ಕಾನೂನಿಗೆ ವಂಶವೇ ಆಧಾರವಾಗಿತ್ತು. 1961ರ ಒಪ್ಪಂದದಂತೆ ಟರ್ಕಿಯಿಂದ ಬಂದ ಕಾರ್ಮಿಕರು ಒಂದಲ್ಲ ಒಂದು ದಿನ ಹಿಂದಿರುಗುತ್ತಾರೆಂದು ಸರ್ಕಾರ ನಂಬಿದ್ದರಿಂದ, ಕಲೋನ್‌ನಲ್ಲಿಯೋ ಬರ್ಲಿನ್ನಿನಲ್ಲಿಯೋ ಹುಟ್ಟಿ, ಅಲ್ಲಿನ ಶಾಲೆಯಲ್ಲಿಯೇ ಓದಿದ ಅವರ ಮಕ್ಕಳೂ ವಿದೇಶಿಯರಾಗಿಯೇ ಉಳಿದರು. ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಜರ್ಮನ್ ಮೂಲದವರಿಗೆ, ಭಾಷೆ ಸರಿಯಾಗಿ ಬಾರದಿದ್ದರೂ, ಪೌರತ್ವದ ಬಾಗಿಲು ತೆರೆದಿತ್ತು. ಈ ವಿಪರ್ಯಾಸ ಸಡಿಲಗೊಂಡದ್ದು 2000ದಲ್ಲಿ. ಪೋಷಕರಲ್ಲೊಬ್ಬರು ಸಾಕಷ್ಟು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ, ಅಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಪೌರತ್ವ ದೊರೆಯತೊಡಗಿತು.

2024ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ವಾಸದ ಅವಧಿಯನ್ನು ಎಂಟು ವರ್ಷದಿಂದ ಐದಕ್ಕಿಳಿಸಿ, ಎರಡು ದೇಶಗಳ ಪೌರತ್ವಕ್ಕೂ ಅವಕಾಶ ಕೊಟ್ಟಿತು. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಇನ್ನೊಂದು ಷರತ್ತು. ನಾಜಿ ಆಳ್ವಿಕೆಯ ಅನ್ಯಾಯ ಮತ್ತು ಅದರ ಪರಿಣಾಮಗಳಿಗೆ, ವಿಶೇಷವಾಗಿ ಯೆಹೂದಿ ಜನಜೀವನದ ರಕ್ಷಣೆಗೆ, ಜರ್ಮನಿಗೆ ಇರುವ ಐತಿಹಾಸಿಕ ಹೊಣೆಯನ್ನು ತಾನೂ ಅಂಗೀಕರಿಸುವುದಾಗಿ ಅರ್ಜಿದಾರರು ಘೋಷಿಸಬೇಕು. ಅಂದರೆ, ಹಿರಿಯರು ಆ ದೇಶವನ್ನು ಕಂಡೇ ಇರದ ನಿಮ್ಮ ಮಗನೂ ಅದರ ಕರಾಳ ಅಧ್ಯಾಯದ ಉತ್ತರದಾಯಿತ್ವದಲ್ಲಿ ಪಾಲುದಾರನಾಗಬೇಕು. ಮಾನವ ಘನತೆಯನ್ನು ಮೊದಲ ವಿಧಿಯಲ್ಲಿಯೇ ಸಾರುವ 1949ರ ಸಂವಿಧಾನ, ಮತ್ತು ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ದಿನವನ್ನು 1985ರ ಮೇ 8ರಂದು ಬಿಡುಗಡೆಯ ದಿನವೆಂದು ಕರೆದ ಅಧ್ಯಕ್ಷ ರಿಚರ್ಡ್ ಫಾನ್ ವೈಟ್ಸೆಕರ್ ಅವರ ಭಾಷಣ ಬೆಳೆಸಿದ ರಾಷ್ಟ್ರಭಾವನೆ ಇದು. ಇಂಥ ಭಾವನೆಯಲ್ಲಿ ಹೊರಗಿನಿಂದ ಬಂದವರಿಗೂ ಸ್ಥಳವಿದೆ. ವಂಶಕ್ಕೆ ಅಂಟಿಕೊಂಡ ಅಭಿಮಾನದಲ್ಲಿ ಅದು ಇರಲಾರದು.

ಎಎಫ್‌ಡಿ ಪ್ರಶ್ನಿಸುತ್ತಿರುವುದು ಇದನ್ನೇ. 2013ರಲ್ಲಿ ಯೂರೋ ವಿರೋಧಿಸಲೆಂದು ಹುಟ್ಟಿದ ಈ ಪಕ್ಷ 2025ರ ಫೆಬ್ರುವರಿಯ ಸಂಸತ್ ಚುನಾವಣೆಯಲ್ಲಿ ಶೇ 20.8ರಷ್ಟು ಮತ ಪಡೆದು, ಬರ್ಲಿನ್ ಹೊರತು ಹಿಂದಿನ ಪೂರ್ವ ಜರ್ಮನಿಯ ಐದೂ ರಾಜ್ಯಗಳಲ್ಲಿ ಮೊದಲ ಸ್ಥಾನ ಗಳಿಸಿತು. ಪೌರತ್ವವನ್ನು ಮತ್ತೆ ವಂಶಕ್ಕೆ ಕಟ್ಟಬೇಕೆಂಬುದು ಅದರ ಬೇಡಿಕೆ. ಪೂರ್ವದಲ್ಲಿ ವಲಸಿಗರು ಪಶ್ಚಿಮದಷ್ಟಿಲ್ಲದಿದ್ದರೂ ಅದಕ್ಕೆ ಬಲ ಹೆಚ್ಚು. 1990ರ ಏಕೀಕರಣದ ನಂತರ ಕಾರ್ಖಾನೆಗಳು ಮುಚ್ಚಿ, ಯುವಜನರು ಪಶ್ಚಿಮಕ್ಕೆ ಹೊರಟುಹೋದಾಗ, ತಮ್ಮ ದೇಶದಲ್ಲಿಯೇ ತಾವು ಎರಡನೇ ದರ್ಜೆಯವರಾದೆವೆಂಬ ನೋವು ಅಲ್ಲಿ ಬೇರೂರಿದೆ. ಅದನ್ನೆಲ್ಲ ಬರೀ ಜನಾಂಗದ್ವೇಷವೆಂದು ತಳ್ಳಿಹಾಕುವುದು ಸೋಮಾರಿತನ.

ಸದ್ಯ ಉಳಿದ ಪಕ್ಷಗಳು ಎಎಫ್‌ಡಿಯೊಡನೆ ಸರ್ಕಾರ ರಚಿಸಲು ಒಪ್ಪುತ್ತಿಲ್ಲ. ಫ್ರೆಡ್ರಿಕ್ ಮೆರ್ಟ್ಸ್ ಸರ್ಕಾರ ಮೂರೇ ವರ್ಷದಲ್ಲಿ ಪೌರತ್ವ ಕೊಡುವ ವಿಶೇಷ ದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ಮುಚ್ಚಿತಾದರೂ ಐದು ವರ್ಷದ ನಿಯಮವನ್ನು ಮುಟ್ಟಲಿಲ್ಲ. ಇತ್ತ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ನಂತರ, ದಶಕಗಳ ಕಾಲ ಸೇನಾಬಲದ ಬಗ್ಗೆ ಅಳುಕುತ್ತಿದ್ದ ದೇಶ 2022ರಲ್ಲಿ 10,000 ಕೋಟಿ ಯೂರೋಗಳ ರಕ್ಷಣಾ ನಿಧಿ ಸ್ಥಾಪಿಸಿತು. 2011ರಲ್ಲಿ ನಿಲ್ಲಿಸಿದ್ದ ಕಡ್ಡಾಯ ಸೇನಾಸೇವೆಯೂ ಮತ್ತೆ ಚರ್ಚೆಗೆ ಬಂದಿದ್ದು, ದೇಶಕ್ಕಾಗಿ ಪ್ರಜೆ ಏನು ಕೊಡಬೇಕೆಂಬುದೀಗ ಅಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ.

ಕೊನೆಗೊಂದು ವ್ಯಾವಹಾರಿಕ ಮಾತು. ಜರ್ಮನಿ ಎರಡು ಪೌರತ್ವಗಳನ್ನು ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಆದ್ದರಿಂದ ನಿಮ್ಮ ಮಗನ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆದರೆ ವೀಸಾ ಇಲ್ಲದೆ ಬಂದುಹೋಗಬಹುದು, ಆದರೆ ಇಲ್ಲಿ ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಊರಿನಲ್ಲಿ ಜಮೀನು ಕೊಳ್ಳುವ ಯೋಚನೆ ಇದ್ದರೆ, ಅರ್ಜಿ ಹಾಕುವ ಮುನ್ನವೇ ವಕೀಲರೊಬ್ಬರನ್ನು ಕಂಡು ಮಾತನಾಡಲಿ.