ಎಂಟನೇ ತಿಂಗಳ ಕೂಸು, ಎರಡು ವಾರದ ವ್ಯತ್ಯಾಸ

ಶಿಡ್ಲಘಟ್ಟ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಸೊಸೆಗೆ ತಲೆನೋವು, ಮುಖದಲ್ಲಿ ಬಾವು ಕಾಣಿಸಿಕೊಂಡು ಆಸ್ಪತ್ರೆಗೆ ಹೋದಾಗ ಬಿ.ಪಿ. ವಿಪರೀತ ಏರಿತ್ತು. ಎರಡು ದಿನಗಳಲ್ಲಿ ನಾಲ್ಕು ಚುಚ್ಚುಮದ್ದು ಕೊಟ್ಟು, ಆಮೇಲೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ತೂಕ 1 ಕೆ.ಜಿ. 700 ಗ್ರಾಂ. ಹದಿನೆಂಟು ದಿನ ಗಾಜಿನ ಕೋಣೆಯಲ್ಲಿತ್ತು. ಈಗ ಐದು ತಿಂಗಳು. ‘ಏಳರ ಕೂಸು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ’ ಎಂದು ಬೀಗರ ಕಡೆಯವರು ಆಡಿಕೊಂಡದ್ದು ಇವರಿಗೆ ಇನ್ನೂ ಮರೆತಿಲ್ಲ. ಬಸುರಿಯನ್ನು ರೇಷ್ಮೆಯ ಹುಳುಮನೆಯಲ್ಲಿ ದುಡಿಸಿದ್ದೇ ತಪ್ಪಾಯಿತೇ, ಆ ನಾಲ್ಕು ಚುಚ್ಚುಮದ್ದು ಏನು, ನೀವು ಬರೆಯುವ ‘ಸಂಶೋಧನೆ’ ಯಾರ ಮೇಲೆ ನಡೆದು ಯಾರಿಗೆ ಉಪಯೋಗವಾಗುತ್ತದೆ ಎಂದು ಕೇಳಿದ್ದಾರೆ. ಜೊತೆಗೆ ಹಿಂದಿನ ಸಂಚಿಕೆಯಲ್ಲಿ ನಾವು ಬರೆದದ್ದು ತಪ್ಪು ಎಂದು ಬೈದಿದ್ದಾರೆ.

ಅಮ್ಮಾ,

ಬೈದದ್ದು ಸರಿಯಾಗಿದೆ. ‘2.5 ಕೆ.ಜಿ.ಗಿಂತ ಕಡಿಮೆ ತೂಕದ, ಅಂದರೆ ದಿನ ತುಂಬದ ಮಕ್ಕಳು’ ಎಂದು ನಾವು ಅಚ್ಚು ಹಾಕಿದೆವು. ಆ ‘ಅಂದರೆ’ ನನ್ನದು. ಪುಟಕ್ಕೆ ಹೊಂದಿಸುವ ಅವಸರದಲ್ಲಿ ವರದಿಗಾರರ ಎರಡು ವಾಕ್ಯಗಳನ್ನು ಒಂದು ಮಾಡಲು ಹೋಗಿ ಸೇರಿಸಿದೆ. ನಿಮ್ಮ ಹಿರಿಯ ಮೊಮ್ಮಗ ದಿನ ತುಂಬಿ ಹುಟ್ಟಿಯೂ 2.3 ಕೆ.ಜಿ. ಇದ್ದ ಎಂದು ಬರೆದಿದ್ದೀರಿ. ಅವನು ಕಡಿಮೆ ತೂಕದ ಮಗು, ಆದರೆ ಅವಧಿಪೂರ್ವ ಮಗುವಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 37 ವಾರ, ಎಂದರೆ 259 ದಿನ ತುಂಬುವ ಮೊದಲೇ ಹುಟ್ಟಿದರೆ ಮಾತ್ರ ಅವಧಿಪೂರ್ವ. ಒಂದನ್ನು ತಕ್ಕಡಿ ಹೇಳುತ್ತದೆ, ಇನ್ನೊಂದನ್ನು ಕ್ಯಾಲೆಂಡರ್ ಹೇಳಬೇಕು. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಮುಂಚೆ ಹುಟ್ಟಿದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವುಗಳಲ್ಲಿ 30 ಲಕ್ಷ ನಮ್ಮ ದೇಶದ್ದೇ.

ಇನ್ನು ಏಳು–ಎಂಟರ ಮಾತು. ಇದು ನಿಮ್ಮ ಬೀಗರು ಹುಟ್ಟಿಸಿದ್ದಲ್ಲ. ಎಂಟನೇ ತಿಂಗಳಲ್ಲಿ ಓಜಸ್ಸು, ಅಂದರೆ ದೇಹದ ಸಾರಶಕ್ತಿ, ತಾಯಿಗೂ ಮಗುವಿಗೂ ನಡುವೆ ಓಡಾಡುತ್ತಿರುತ್ತದೆ, ಆಗ ಹೆರಿಗೆಯಾದರೆ ಅಪಾಯ ಎಂದು ನಮ್ಮ ಆಯುರ್ವೇದದ ಹಳೆಯ ಗ್ರಂಥಗಳಲ್ಲೇ ಇದೆ. ಪ್ರಾಚೀನ ಗ್ರೀಸಿನ ವೈದ್ಯರೂ ಇದನ್ನೇ ನಂಬಿದ್ದರು. ಎರಡು ದೂರದ ನಾಡುಗಳು ಒಂದೇ ಮಾತು ಹೇಳಿದರೆ ನಿಜವಿರಬೇಕು ಅನ್ನಿಸುತ್ತದೆ, ಆದರೆ ಇಲ್ಲ. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಮಗು ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಎಂಟರ ಕೂಸು ಏಳರದ್ದಕ್ಕಿಂತ ಗಟ್ಟಿ. ಹಾಗಾದರೆ ಏಳರ ಕೂಸುಗಳಿಗೆ ಒಳ್ಳೆಯ ಹೆಸರು ಬಂದದ್ದು ಹೇಗೆ? ನನಗೊಂದು ಗುಮಾನಿ ಇದೆ. ಮದುವೆಯಾದ ಏಳು ತಿಂಗಳಿಗೆ ಮೂರು ಕೆ.ಜಿ. ತೂಗಿಕೊಂಡು ಹುಟ್ಟಿದ ಗುಂಡಗಿನ ಕೂಸುಗಳೂ ಊರವರ ಬಾಯಲ್ಲಿ ಏಳರ ಲೆಕ್ಕಕ್ಕೇ ಸೇರಿರಬೇಕು.

ಅಷ್ಟಕ್ಕೂ ನಿಮ್ಮ ಮೊಮ್ಮಗಳು ಎಂಟರದ್ದೇ ಎಂದು ಯಾರು ಹೇಳಿದರು? ನೀವೇ ಪತ್ರದ ನಾಲ್ಕನೇ ಪುಟದಲ್ಲಿ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಅದೇ. ಮುಟ್ಟಿನ ದಿನ ಹಿಡಿದು ತಾಯಿ ಕಾರ್ಡಿನಲ್ಲಿ ಬರೆದ ಲೆಕ್ಕಕ್ಕೆ ಅಂದು 35 ವಾರ, ಮೂರನೇ ತಿಂಗಳಲ್ಲಿ ಮಾಡಿಸಿದ ಮೊದಲ ಸ್ಕ್ಯಾನಿನ ಲೆಕ್ಕಕ್ಕೆ 33. ಡಾಕ್ಟರು ಸ್ಕ್ಯಾನಿನದ್ದನ್ನೇ ಹಿಡಿದರು ಎಂದಿದ್ದೀರಿ. ಕಾರ್ಡಿನ ಪ್ರಕಾರ ಸೊಸೆಗೆ ಒಂಬತ್ತು ಬಿದ್ದಿತ್ತು, ಸ್ಕ್ಯಾನಿನ ಪ್ರಕಾರ ಎಂಟು ನಡೆಯುತ್ತಿತ್ತು. ಆ ಎರಡು ವಾರದ ವ್ಯತ್ಯಾಸದ ಮೇಲೆಯೇ ನಾಲ್ಕು ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂಬುದು ನಿಂತಿತ್ತು.

ನಾನು ವೈದ್ಯನಲ್ಲ, ನಿಮ್ಮ ಸೊಸೆಯ ಕೇಸ್ ಶೀಟ್ ನೋಡಿದವನೂ ಅಲ್ಲ. ಆದರೆ ಹನ್ನೆರಡು ಗಂಟೆಗೊಂದರಂತೆ ನಾಲ್ಕು ಎಂದು ನೀವು ಬರೆದಿರುವುದರಿಂದ ಅದು ಡೆಕ್ಸಾಮೆಥಾಸೋನ್ ಇರಬೇಕು. ಅದು ಬಿ.ಪಿ.ಗೆ ಕೊಡುವ ಮದ್ದಲ್ಲ. ತಾಯಿಗೆ ಚುಚ್ಚುತ್ತಾರೆ, ಕೆಲಸ ಮಾಡುವುದು ಮಗುವಿನ ಶ್ವಾಸಕೋಶದಲ್ಲಿ. ಗಾಳಿಚೀಲಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಜಿಡ್ಡಿನಂಥ ಪದಾರ್ಥ ಕೊನೆಯ ವಾರಗಳಲ್ಲಿ ತಯಾರಾಗುತ್ತದೆ. ಈ ಮದ್ದು ಅದನ್ನು ಬೇಗ ತಯಾರಾಗುವಂತೆ ಮಾಡುತ್ತದೆ. ಕಂಡುಕೊಂಡದ್ದು ಕುರಿಮರಿಗಳಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರು ಹೆರಿಗೆ ಶುರುವಾಗುವುದು ಹೇಗೆ ಎಂದು ಕುರಿಗಳಲ್ಲಿ ನೋಡುತ್ತಿದ್ದರು. ಬದುಕಲಾರದಷ್ಟು ಮುಂಚೆ ಹುಟ್ಟಿದ ಮರಿಯೊಂದು ಉಸಿರಾಡುತ್ತಿರುವುದು ಕಣ್ಣಿಗೆ ಬಿತ್ತು. ರಾಸ್ ಹೋವಿ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು.

‘ಯಾರ ಮೇಲೆ’ ಎಂದು ಕೇಳಿದಿರಲ್ಲ, ಉತ್ತರ ಇಲ್ಲಿಂದ ನಮ್ಮ ರಾಜ್ಯಕ್ಕೇ ಬರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಫಲ ಕೊಟ್ಟ ಮದ್ದನ್ನು ಹಳ್ಳಿಹಳ್ಳಿಗೂ ಕೊಟ್ಟರೆ ಇನ್ನೆಷ್ಟು ಮಕ್ಕಳು ಉಳಿದಾವು ಎಂಬ ಆಸೆಯಿಂದ ಆರು ದೇಶಗಳಲ್ಲಿ ಒಂದು ಅಧ್ಯಯನ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರಲ್ಲಿದ್ದವು. ಸುಮಾರು ಒಂದು ಲಕ್ಷ ಹೆರಿಗೆಗಳು. ದಿನದ ಲೆಕ್ಕ ಗೊತ್ತಿಲ್ಲದ ಕಡೆ ಹೊಟ್ಟೆಯ ಎತ್ತರವನ್ನು ಟೇಪಿನಲ್ಲಿ ಅಳೆದು ಅಂದಾಜು ಮಾಡಿದರು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ತೀರ ಸಣ್ಣ ಮಕ್ಕಳ ಸಾವು ಕಡಿಮೆಯಾಗಿರಲಿಲ್ಲ. ಅಷ್ಟೇ ಅಲ್ಲ, ಒಟ್ಟಾರೆ ನೋಡಿದರೆ ಮದ್ದು ತಲುಪಿಸಿದ ಪ್ರದೇಶಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಿಗೆ 27.4 ಸಾವು, ಉಳಿದ ಕಡೆ 23.9. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಾಗಿತ್ತು. ಚುಚ್ಚಿಸಿಕೊಂಡವರಲ್ಲಿ ಬಹುಪಾಲು ತಾಯಂದಿರು ಅಂಥ ಸಣ್ಣ ಮಗುವನ್ನು ಹೆತ್ತಿರಲೇ ಇಲ್ಲ. ಬೇಕಿಲ್ಲದ ಮಗುವಿಗೆ ಮದ್ದು ಹೋಗಿತ್ತು.

ಅಲ್ಲಿಗೇ ಬಿಟ್ಟಿದ್ದರೆ ಆ ಮದ್ದಿನ ಹೆಸರು ಕೆಟ್ಟುಹೋಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಪರೀಕ್ಷೆ ಮಾಡಿಸಿತು: ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ 2,852 ತಾಯಂದಿರು. ಬೆಳಗಾವಿ ಇಲ್ಲೂ ಇತ್ತು. ಈ ಸಲ ಸ್ಕ್ಯಾನ್ ಮಾಡಿ ದಿನ ಖಚಿತಪಡಿಸಿಕೊಂಡು, 26ರಿಂದ 33 ವಾರದವರಿಗೆ ಮಾತ್ರ, ಸಣ್ಣ ಮಗುವಿನ ಆರೈಕೆಗೆ ವ್ಯವಸ್ಥೆ ಇರುವಲ್ಲಿ ಮಾತ್ರ. ಮದ್ದು ಪಡೆದವರ ನವಜಾತ ಶಿಶುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಪ್ರಯೋಜನ ಇಷ್ಟು ಸ್ಪಷ್ಟವಾದ ಮೇಲೆ ಇನ್ನರ್ಧ ತಾಯಂದಿರಿಗೆ ಮದ್ದು ಕೊಡದಿರುವುದು ಸರಿಯಲ್ಲವೆಂದು ಪರೀಕ್ಷೆಯನ್ನು ಮುಂಚೆಯೇ ನಿಲ್ಲಿಸಿದರು. 2020ರಲ್ಲಿ ಪ್ರಕಟವಾಯಿತು. ಅದೇ ರೀತಿಯ ಮದ್ದು, ಅದೇ ಬೆಳಗಾವಿ. ಬದಲಾದದ್ದು ದಿನ ಎಣಿಸಿದ ರೀತಿ, ಹೆರಿಗೆಯಾದ ಜಾಗ.

ನಿಮ್ಮ ಮನೆಯಲ್ಲಿ ರೇಷ್ಮೆಹುಳು, ಮರಿ ಸಾಕುವ ಚಾಕಿಯಿಂದ ಬಂದ ದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ ಅಲ್ಲವೇ? ಯಾವ ದಿನ ಎಷ್ಟನೇ ಜ್ವರಕ್ಕೆ (ಪೊರೆ ಬಿಡಲು) ಕೂತಿತು, ಯಾವಾಗ ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡಬೇಕು ಎಂಬುದರಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೂ ನೀವು ಸುಮ್ಮನಿರುವವರಲ್ಲ. ಬಸುರಿನ ವಿಷಯಕ್ಕೆ ಬಂದರೆ ಮಾತ್ರ ‘ಯುಗಾದಿ ಕಳೆದ ಮೇಲೆ ನಿಂತಿತು’ ಎಂಬುದೇ ಸಾಕು ಅನ್ನುತ್ತೇವೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ನಿಮ್ಮ ಸೊಸೆಗೆ ಮಾಡಿಸಿದ್ದಿರಿ, ಅದಕ್ಕೇ ಆ ಎರಡು ವಾರ ಸಿಕ್ಕಿತು. ಏಳನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದರೆ ದಿನದ ಅಂದಾಜು ಅಷ್ಟು ನಿಖರವಾಗಿ ಸಿಗುವುದಿಲ್ಲ. ಆ ಹೊತ್ತಿಗೆ ಒಂದೊಂದು ಮಗು ಒಂದೊಂದು ಗಾತ್ರ.

ಹುಳುಮನೆಯ ಪ್ರಶ್ನೆಗೆ ನೇರ ಉತ್ತರ: ಅಲ್ಲ. ನಿಮ್ಮ ಸೊಸೆಗೆ ತಾನಾಗಿ ನೋವು ಬರಲಿಲ್ಲ. ಬಿ.ಪಿ. ಏರಿ ತಾಯಿಗೂ ಮಗುವಿಗೂ ಅಪಾಯವಾದೀತೆಂದು ವೈದ್ಯರೇ ಮಗುವನ್ನು ಮುಂಚೆ ತೆಗೆದರು. ಬಸುರಿನಲ್ಲಿ ಹೀಗೆ ಬಿ.ಪಿ. ಏರುವುದರ ಮೂಲ ಇರುವುದು ಮಾಸು, ಅಂದರೆ ಸತ್ತೆ, ಗರ್ಭಕೋಶಕ್ಕೆ ಬೇರೂರುವ ಮೊದಲ ತಿಂಗಳುಗಳಲ್ಲಿ. ಸೊಪ್ಪು ಹಾಕುವುದರಲ್ಲಿ ಅಲ್ಲ. ಬಸುರಿಯರು ಗಂಟೆಗಟ್ಟಲೆ ನಿಂತು ದುಡಿಯಲಿ ಎಂದು ನಾನು ಹೇಳುತ್ತಿಲ್ಲ. ನೀವು ಹೊತ್ತುಕೊಂಡಿರುವ ತಪ್ಪು ನಿಮ್ಮದಲ್ಲ ಎಂದಷ್ಟೇ.

ಬಿ.ಪಿ.ಯ ಬಗ್ಗೆಯೂ ಸಂಶೋಧನೆ ದೂರದಲ್ಲೇನೂ ನಡೆದಿಲ್ಲ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಬಸುರಿಯರಲ್ಲಿ ಕ್ಯಾಲ್ಸಿಯಂ ಮಾತ್ರೆಯ ಪರೀಕ್ಷೆ ಮಾಡಿದರು. ದಿನಕ್ಕೆ 1,500 ಮಿಲಿಗ್ರಾಂ ನುಂಗುವುದು ಕಷ್ಟ, 500 ಸಾಕಾಗುತ್ತದೆಯೇ ಎಂಬುದು ಪ್ರಶ್ನೆ. ಬಿ.ಪಿ. ತೊಂದರೆ ತಡೆಯುವುದರಲ್ಲಿ 500 ಕೂಡ ಹಿಂದೆ ಬೀಳಲಿಲ್ಲ. ಅವಧಿಪೂರ್ವ ಹೆರಿಗೆ ಆ ಗುಂಪಿನಲ್ಲಿ ಶೇ 11.4, ಹೆಚ್ಚು ನುಂಗಿದವರಲ್ಲಿ ಶೇ 12.8. 2024ರಲ್ಲಿ ಬಂದ ಫಲಿತಾಂಶ ಇದು. ಅದಕ್ಕೂ ಮೊದಲು, ಬೇರೊಂದು ಅಧ್ಯಯನದಲ್ಲಿ ಸುಮಾರು 12,000 ಚೊಚ್ಚಲ ಬಸುರಿಯರಿಗೆ ಹದಿನಾಲ್ಕು ವಾರ ತುಂಬುವ ಮೊದಲೇ ಶುರು ಮಾಡಿ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟು ನೋಡಿದ್ದರು. ಬೆಳಗಾವಿಯವರು ಅದರಲ್ಲೂ ಇದ್ದರು. ಅವಧಿಪೂರ್ವ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿಯಿತು. ಇಳಿಕೆ ಸಣ್ಣದು, ಮಾತ್ರೆಯ ಬೆಲೆಯೂ ಸಣ್ಣದು. ನಿಮ್ಮ ಸೊಸೆ ಮತ್ತೆ ಬಸುರಿಯಾದರೆ ಮೊದಲ ಭೇಟಿಯಲ್ಲೇ ಈ ಸಲದ ಬಿ.ಪಿ.ಯ ಕಥೆ ಹೇಳಿ ಆಸ್ಪಿರಿನ್ ಬೇಕೇ ಎಂದು ಕೇಳಲಿ. ಓದಿದ ಕೂಡಲೇ ಮೆಡಿಕಲ್ ಅಂಗಡಿಗೆ ಹೋಗಿ ನೀವೇ ತಂದು ಕೊಡಬೇಡಿ, ದಯವಿಟ್ಟು.

ಗಾಜಿನ ಕೋಣೆಯ ವಿಷಯ ಬರೆಯುವಾಗ ನಿಮ್ಮ ಅಕ್ಷರ ದಪ್ಪವಾಗಿದೆ. ಹಾಲು ಹಿಂಡಿ ಕೊಡಲು ಬಿಟ್ಟರೆ ತಾಯಿಯನ್ನು ಒಳಗೆ ಸೇರಿಸಲಿಲ್ಲ, ಸೋಂಕಾಗುತ್ತದೆ ಎಂದರು. ಆಸ್ಪತ್ರೆಯ ಹೆಸರು ನೀವು ಬರೆದಿದ್ದೀರಿ, ನಾನು ಹಾಕುವುದಿಲ್ಲ. ಆದರೆ ಆ ಪದ್ಧತಿಯ ಕಾಲ ಮುಗಿದಿದೆ. ಕೊಲಂಬಿಯಾದ ಬೊಗೊಟಾದ ಒಂದು ಆಸ್ಪತ್ರೆಯಲ್ಲಿ 1970ರ ದಶಕದ ಕೊನೆಗೆ, ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಒಂದರಲ್ಲೇ ಹಲವು ಮಕ್ಕಳನ್ನು ಮಲಗಿಸುವ ಸ್ಥಿತಿ ಇದ್ದಾಗ, ಎಡ್ಗಾರ್ ರೇ ಎಂಬ ವೈದ್ಯರು ಮಕ್ಕಳನ್ನು ತಾಯಿಯ ಬರಿಯ ಎದೆಗೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂಬ ಹೆಸರು ಹಾಗೆ ಬಂತು. ಬಡತನದ ಉಪಾಯ ಎಂದು ಬಹಳ ದಿನ ಅಂದುಕೊಂಡಿದ್ದರು; ಮಗು ಚೇತರಿಸಿಕೊಂಡ ಮೇಲೆ ಮಾತ್ರ ಮಾಡಿಸುತ್ತಿದ್ದರು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಹುಟ್ಟಿದ ಕೂಡಲೇ, ಚೇತರಿಕೆಗೆ ಕಾಯದೆ ಎದೆಗೆ ಕಟ್ಟಿ ನೋಡಿದರು. ಎಲ್ಲ ಮಕ್ಕಳೂ 1 ಕೆ.ಜಿ.ಯಿಂದ 1.8 ಕೆ.ಜಿ.ಯ ಒಳಗಿನವು, ನಿಮ್ಮ ಮೊಮ್ಮಗಳ ತೂಕದವು. ಸಾವು ಶೇ 15.7ರಿಂದ 12ಕ್ಕೆ ಇಳಿಯಿತು. ತಾಯಿಯ ಮಂಚವೇ ಮಕ್ಕಳ ಐ.ಸಿ.ಯು. ಒಳಗೆ ಹೋಗಬೇಕು ಎಂಬುದು 2021ರ ಆ ಅಧ್ಯಯನದ ನಂತರದ ತಿಳಿವಳಿಕೆ. ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಕಾಂಗರೂ ಆರೈಕೆಯನ್ನು ರೂಢಿಗೆ ತರುವ ಕೆಲಸ ನಡೆದಿದೆ. ತಾಯಿ ಆಪರೇಷನ್ ನೋವಿನಲ್ಲಿದ್ದರೆ ಮನೆಯ ಇನ್ನೊಬ್ಬ ಹೆಂಗಸು ಎದೆಗೆ ಕಟ್ಟಿಕೊಳ್ಳಬಹುದು. ಆ ಅಧ್ಯಯನದಲ್ಲೂ ಹಾಗೆ ಮಾಡಿದ್ದರು. ನಿಮಗೆ ಆ ಹದಿನೆಂಟು ದಿನ ಸಿಗಬೇಕಿತ್ತು. ಈ ಮಾತನ್ನು ಆ ಆಸ್ಪತ್ರೆಗೆ ಬರೆದು ಕೊಡಿ. ಬೇಕಿದ್ದರೆ ಅರ್ಜಿ ನಾವು ಬರೆದುಕೊಡುತ್ತೇವೆ.

ಮಗುವಿಗೆ ಸಾಂಬ್ರಾಣಿ ಹೊಗೆ ಬೇಡ. ನಿಮ್ಮ ಅತ್ತೆಯವರ ಕಾಲದಿಂದ ನಡೆದು ಬಂದದ್ದು ಎಂದು ಬರೆದಿದ್ದೀರಿ. ಆ ಪುಟ್ಟ ಶ್ವಾಸಕೋಶಕ್ಕೆ ಅದರಿಂದ ಒಳ್ಳೆಯದಾಗುವುದಿಲ್ಲ.

ಕೊನೆಗೆ, ಪಕ್ಕದ ಮನೆಯ ಐದು ತಿಂಗಳ ಕೂಸು ಮಗುಚಿಕೊಳ್ಳುತ್ತದೆ, ನಮ್ಮದು ಇನ್ನೂ ಇಲ್ಲ ಎಂಬ ಚಿಂತೆ. ನಿಮ್ಮ ಮೊಮ್ಮಗಳು ಏಳು ವಾರ ಮುಂಚೆ ಬಂದವಳು. ಮಗುಚುವುದು, ಕೂರುವುದು, ನಿಲ್ಲುವುದನ್ನು ನೋಡುವಾಗ ಆ ಏಳು ವಾರ ಕಳೆಯಬೇಕು. ಆಗ ಅವಳಿಗೆ ಮೂರು ತಿಂಗಳು ಮತ್ತು ಕೆಲವು ದಿನ. ಆ ವಯಸ್ಸಿಗೆ ಮಗುಚದಿದ್ದರೆ ತಡವೇನಲ್ಲ. ಎರಡು ವರ್ಷದವರೆಗೆ ಹೀಗೆಯೇ ಲೆಕ್ಕ ಹಾಕಿ. ಲಸಿಕೆಗೆ ಮಾತ್ರ ಏನನ್ನೂ ಕಳೆಯುವಂತಿಲ್ಲ, ಹುಟ್ಟಿದ ತಾರೀಖೇ ಲೆಕ್ಕ. ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಲಸಿಕೆಗೆ ‘ಇನ್ನೂ ಚಿಕ್ಕದು’ ಎಂದು ಯಾರಾದರೂ ಹೇಳಿದರೆ ತಾಯಿ ಕಾರ್ಡ್ ತೆಗೆದು ತೋರಿಸಿ. ಹುಟ್ಟುಹಬ್ಬ ಯಾವತ್ತು ಮಾಡಬೇಕೆಂದೂ ಕೇಳಿದ್ದೀರಿ. ಅದೂ ಹುಟ್ಟಿದ ದಿನವೇ.

— ಸಂಪಾದಕ