88 ವೋಲ್ಟ್ ಅಂತ ಬರೆದಿದ್ರೆ ನಂಬಬೇಡಿ: ತೋಟಕ್ಕೆ ಬ್ಯಾಟರಿ ಚೈನ್ ಸಾ ತಗೊಳ್ಳೋರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂಡಿಗೆರೆ ಹತ್ರ ಮೂರು ಎಕರೆ ಕಾಫಿ, ಜೊತೆಗೆ ಸ್ವಲ್ಪ ಅಡಿಕೆ. ಮರಕಸಿಗೆ (ನೆರಳಿನ ಮರದ ಕೊಂಬೆ ಸವರೋ ಕೆಲಸಕ್ಕೆ) ಆಳು ಸಿಗ್ತಿಲ್ಲ, ಸಿಕ್ಕಿದ್ರೂ ಮಳೆ ಹಿಡಿಯೋ ಹೊತ್ತಿಗೆ ಬರ್ತಾರೆ. ದೊಡ್ಡ ಮರ ನಾನು ಮುಟ್ಟಲ್ಲ. ಕಡಿದು ಬೀಳಿಸಿದ ಸಿಲ್ವರ್ ಓಕ್ ಕೊಂಬೆ ತುಂಡು ಮಾಡೋದು, ಹಾಲುವಾಣದ ರೆಂಬೆ ಸವರೋದು, ಬಚ್ಚಲ ಒಲೆಗೆ ಸೌದೆ, ಗಾಳಿಗೆ ಮುರಿದ ಅಡಿಕೆ ಮರ ದಾರಿಯಿಂದ ತೆಗೆಯೋದು, ಇಷ್ಟೇ ಕೆಲಸ. ಪೆಟ್ರೋಲ್ ಮೆಷಿನ್ ಹಗ್ಗ ಎಳೆದೂ ಎಳೆದೂ ಭುಜ ನೋವು, ವಯಸ್ಸು 58. ಆನ್‌ಲೈನಲ್ಲಿ 6 ಇಂಚಿಂದು, 88 ವೋಲ್ಟ್, ಎರಡು ಬ್ಯಾಟರಿ ಸೇರಿ 2,800 ರೂಪಾಯಿಗೆ ಇದೆ. ಟೌನಲ್ಲಿ 18 ವೋಲ್ಟಿಂದಕ್ಕೇ ಇಪ್ಪತ್ತು ಸಾವಿರದ ಮೇಲೆ ಹೇಳ್ತಾರೆ. 88 ಅಂದ್ರೆ ಜಾಸ್ತಿ ಪವರ್ ಅಲ್ವಾ? ಯಾವುದು ತಗೊಳ್ಳಲಿ?

ಉತ್ತರ: ಮೊದ್ಲು ಆ 88ರ ವಿಷ್ಯ ಮುಗಿಸೋಣ, ಯಾಕಂದ್ರೆ ಬೇರೆ ಎಲ್ಲದಕ್ಕಿಂತ ಜಾಸ್ತಿ ಜನ ಅಲ್ಲೇ ಮೋಸ ಹೋಗ್ತಿದ್ದಾರೆ. ಇಂಥದ್ದೇ ಒಂದು ಬ್ಯಾಟರಿ ನನ್ನ ಹತ್ರ ರಿಪೇರಿಗೆ ಬಂದಿತ್ತು, ಮೇಲೆ ದೊಡ್ಡದಾಗಿ 88 ಅಂತ ಸ್ಟಿಕ್ಕರ್. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗಡೆ ಪೆನ್ ಟಾರ್ಚ್ ಸೆಲ್‌ಗಿಂತ ಸ್ವಲ್ಪ ದಪ್ಪ, ಸ್ವಲ್ಪ ಉದ್ದ ಇರೋ ಲಿಥಿಯಂ ಸೆಲ್ ಐದೇ ಐದು, ಒಂದೇ ಸಾಲಲ್ಲಿ, ಪ್ರತಿ ಸೆಲ್ ಮೇಲೂ 1500 ಎಂಎಎಚ್ ಅಂತ ಅಚ್ಚು. ಲಿಥಿಯಂ ಸೆಲ್ ಒಂದಕ್ಕೆ ಸಾಮಾನ್ಯವಾಗಿ 3.6 ವೋಲ್ಟ್, ಫುಲ್ ಚಾರ್ಜ್ ಆದಾಗ 4.2. ಐದು ಸೆಲ್ ಅಂದ್ರೆ 18 ವೋಲ್ಟ್, ಫುಲ್ ಆದಾಗ 21. ಅಂದ್ರೆ 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್ ಅಂತ ಏನೇ ಬರೆದಿದ್ರೂ ಒಳಗಿರೋದು ಅದೇ ಐದು ಸೆಲ್‌ನ ಸಾಲು, ಮತ್ತೆ 48, 88, 128 ಅಂತೆಲ್ಲ ಬರೀತಾರಲ್ಲ ಅದು ಬರೀ ಸ್ಟಿಕ್ಕರ್.

ನೀವು ನೋಡಬೇಕಾಗಿದ್ದು ವ್ಯಾಟ್ ಅವರ್, ಅಂದ್ರೆ ಬ್ಯಾಟರಿ ಒಟ್ಟು ಎಷ್ಟು ಶಕ್ತಿ ಹಿಡಿಯತ್ತೆ ಅನ್ನೋ ಲೆಕ್ಕ. ವೋಲ್ಟನ್ನ ಆಂಪಿಯರ್ ಅವರ್ ಸಂಖ್ಯೆಯಿಂದ ಗುಣಿಸಿದ್ರೆ ಸಿಗತ್ತೆ. 1500 ಎಂಎಎಚ್ ಅಂದ್ರೆ 1.5 ಆಂಪಿಯರ್ ಅವರ್, ಹಾಗಾಗಿ ನಾನು ಬಿಚ್ಚಿದ್ದು 18 ಗುಣಿಸು 1.5, ಬರೀ 27 ವ್ಯಾಟ್ ಅವರ್. ಒಳ್ಳೆ ಕಂಪನಿಯ 18 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ 90. ಅದರೊಳಗೆ ಸಾಮಾನ್ಯವಾಗಿ ಐದೈದರ ಎರಡು ಸಾಲು, ಹತ್ತು ಸೆಲ್ ಇರತ್ತೆ, ಕೈಯಲ್ಲಿ ಹಿಡಿದ್ರೇ ತೂಕ ಗೊತ್ತಾಗತ್ತೆ. ಎರಡು ಬ್ಯಾಟರಿ ಫ್ರೀ ಅಂತ ನಿಮಗೆ ಕೊಡ್ತಿರೋದು ಇಂಥದ್ದೇ ಆಗಿದ್ರೆ ಎರಡೂ ಸೇರಿ 54, ಒಂದು ಒಳ್ಳೆ ಬ್ಯಾಟರಿಯ ಮುಕ್ಕಾಲೂ ಇಲ್ಲ.

ಇದರಲ್ಲಿ ಎಷ್ಟು ಕೆಲಸ ಆಗತ್ತೆ ಅಂತ ಲೆಕ್ಕ ಹಾಕಿ ನೋಡಿ. ಮರ ಕುಯ್ಯುವಾಗ ಮೋಟರ್ 700 ವ್ಯಾಟ್ ಎಳೀತು ಅಂತ ಇಟ್ಕೊಳ್ಳಿ, 4 ಆಂಪಿಯರ್ ಅವರ್‌ನ 18 ವೋಲ್ಟ್ ಬ್ಯಾಟರೀಲಿ, ಅಂದ್ರೆ 72 ವ್ಯಾಟ್ ಅವರ್‌ನಲ್ಲಿ, ಬರೀ ಕುಯ್ಯೋ ಸಮಯ 6 ನಿಮಿಷ. ಆರೇ ನಿಮಿಷಾನಾ ಅಂತ ಗಾಬರಿ ಆಗ್ಬೇಡಿ, ನಾಲ್ಕಿಂಚು ದಪ್ಪದ ಹಾಲುವಾಣದ ರೆಂಬೆ ಹರಿತ ಚೈನಿಗೆ ಐದು ಸೆಕೆಂಡಿನ ಕೆಲಸ, ಎಳೆದು ಹಾಕೋದು, ಸೊಪ್ಪು ಸವರೋದು, ಇನ್ನೊಂದು ರೆಂಬೆಗೆ ಹೋಗೋದು, ಅಷ್ಟೊತ್ತು ಮೆಷಿನ್ ಕರೆಂಟ್ ತಿನ್ನಲ್ಲ, ಹಾಗಾಗಿ ಒಂದು ಚಾರ್ಜಿಗೆ ಅರವತ್ತು ಎಪ್ಪತ್ತು ತುಂಡು ಲೆಕ್ಕಕ್ಕೆ ಸಿಗತ್ತೆ. ಪೆಟ್ರೋಲ್ ಮೆಷಿನ್ ಹಾಗಲ್ಲ, ಸುಮ್ನೆ ನಿಂತಾಗ್ಲೂ ಉರೀತಾನೇ ಇರತ್ತೆ.

ಇನ್ನು ಬಾರ್ ಉದ್ದ, ಅಂದ್ರೆ ಚೈನ್ ಸುತ್ತಿ ಓಡೋ ಪಟ್ಟಿಯ ಅಳತೆ. ನೀವು ಮಾಮೂಲಾಗಿ ಕುಯ್ಯೋ ಕೊಂಬೆಯ ದಪ್ಪಕ್ಕೆ ಎರಡಿಂಚು ಸೇರಿಸಿ. ನಿಮ್ಮ ಪತ್ರದ ಪ್ರಕಾರ ಸಿಲ್ವರ್ ಓಕ್ ಕೊಂಬೆ, ಹಾಲುವಾಣ, ಅಡಿಕೆ ಮರ, ಯಾವುದೂ ಏಳೆಂಟು ಇಂಚು ದಾಟಲ್ಲ. 10 ಅಥವಾ 12 ಇಂಚು ಸಾಕು. ಮಕಿಟಾದ ಡಿಯುಸಿ 353 ಥರದವು 14 ಇಂಚು, ಎರಡು 18 ವೋಲ್ಟ್ ಬ್ಯಾಟರಿ ಒಟ್ಟಿಗೆ ಹಾಕಿ 36 ವೋಲ್ಟಲ್ಲಿ ಓಡತ್ತೆ, ಮೆಷಿನ್ ಚೆನ್ನಾಗೇ ಇದೆ, ಆದ್ರೆ ನಿಮ್ಮ ಭುಜಕ್ಕೆ ಆ ತೂಕ ಬೇಕಾ ಅಂತ ಅಂಗಡೀಲಿ ಹತ್ತು ನಿಮಿಷ ಕೈಯಲ್ಲಿ ಹಿಡ್ಕೊಂಡು ನಿಂತು ನೋಡಿ. ಬ್ಯಾಟರಿ ಹಾಕಿಸಿಯೇ ಹಿಡೀರಿ, ಖಾಲಿ ಮೆಷಿನ್ ಹಗುರ ಅನ್ಸತ್ತೆ.

6 ಇಂಚಿಂದು ಬೇಡ ಅಂತ ನಾನು ಯಾಕೆ ಹೇಳ್ತಿದೀನಿ ಅಂದ್ರೆ ಪವರ್ ಕಮ್ಮಿ ಅಂತ ಅಲ್ಲ. ಬೆರಳು, ಮಣಿಕಟ್ಟು ಉಳೀಲಿ ಅಂತ. ಆ ಅಗ್ಗದ ಮೆಷಿನ್‌ಗಳನ್ನ ಒಂದೇ ಕೈಯಲ್ಲಿ ಹಿಡಿಯೋ ಹಾಗೆ ಮಾಡಿರ್ತಾರೆ, ಜನ ಬಲಗೈಲಿ ಮೆಷಿನ್, ಎಡಗೈಲಿ ಕೊಂಬೆ ಹಿಡ್ಕೊಂಡು ಕುಯ್ತಾರೆ, ಕೊಂಬೆ ತುಂಡಾದ ತಕ್ಷಣ ಚೈನ್ ಹೋಗೋದು ಸೀದಾ ಎಡಗೈ ಕಡೆಗೆ. ಜೊತೆಗೆ ಅದ್ರಲ್ಲಿ ಚೈನ್ ಬ್ರೇಕ್ ಇರಲ್ಲ. ಬಾರಿನ ತುದಿಯ ಮೇಲರ್ಧ ಏನಾದ್ರೂ ಗಟ್ಟಿ ವಸ್ತುಗೆ ತಾಗಿದ್ರೆ ಹಲ್ಲು ಅಲ್ಲಿ ಕುಯ್ಯಲ್ಲ, ಕಚ್ಕೊಳ್ಳತ್ತೆ, ಮೋಟರಿನ ಅಷ್ಟೂ ಜೋರು ಬಾರನ್ನ ಎತ್ತಿ ನಿಮ್ಮ ಮುಖದ ಕಡೆಗೆ ಒದೆಯತ್ತೆ. ದೊಡ್ಡ ಮೆಷಿನಲ್ಲಿ ಮುಂದಿನ ಹಿಡಿ ಎದುರಿಗೆ ಒಂದು ಅಡ್ಡ ಗಾರ್ಡ್ ಇರತ್ತೆ ನೋಡಿ, ಅದನ್ನ ಮುಂದಕ್ಕೆ ತಳ್ಳಿದ ಕ್ಷಣ ಚೈನ್ ನಿಲ್ಲತ್ತೆ. ಅದೇ ಬ್ರೇಕ್. ಅಂಗಡಿಯವರ ಹತ್ರ ಅದನ್ನ ಹಾಕಿ ತೆಗೆದು ತೋರಿಸಿ ಅನ್ನಿ, ಗೊತ್ತಿಲ್ಲ ಅಂದ್ರೆ ಆ ಅಂಗಡಿ ಬಿಟ್ಟು ಬನ್ನಿ.

ಚಿಕ್ಕದೇ ಬೇಕು, ಮೆಣಸು ಹಬ್ಬಿಸಿರೋ ಮರದ ಸಣ್ಣ ರೆಂಬೆ ಸವರೋಕೆ ಅಂತಿದ್ರೆ ಸ್ಟಿಲ್‌ನ ಜಿಟಿಎ 26 ಥರದ 4 ಇಂಚಿನ ಪ್ರೂನರ್ ಬೇರೆ ಜಾತಿ. ಅದು 10.8 ವೋಲ್ಟೇ, ಆದ್ರೂ ಎರಡಿಂಚಿನ ರೆಂಬೆಗೆ ಧಾರಾಳ ಸಾಕು. ಅದನ್ನೂ ಬಳಸುವಾಗ ಇನ್ನೊಂದು ಕೈ ಚೈನಿನ ಹತ್ರ ಬರಬಾರದು, ಏಣಿ ಮೇಲಂತೂ ಬೇಡವೇ ಬೇಡ.

ಬ್ಯಾಟರಿ ಮೆಷಿನಿನ ಇನ್ನೊಂದು ಅಪಾಯ ಪೆಟ್ರೋಲಲ್ಲಿ ಪಳಗಿದ ನಿಮ್ಮಂಥೋರಿಗೇ ಜಾಸ್ತಿ. ಪೆಟ್ರೋಲ್ ಮೆಷಿನ್ ಆಫ್ ಮಾಡಿದ್ರೆ ಸತ್ತ ಹಾಗೆ, ಹಗ್ಗ ಎಳೆಯೋವರೆಗೂ ಏಳಲ್ಲ. ಇದು ಸದ್ದಿಲ್ಲದೆ ಕೂತಿರತ್ತೆ, ಲಾಕ್ ಬಟನ್ನೂ ಟ್ರಿಗರ್ರೂ ಒಟ್ಟಿಗೆ ಒತ್ತಿಹೋದ್ರೆ ಅರೆ ಸೆಕೆಂಡಲ್ಲಿ ಚೈನ್ ಪೂರ್ತಿ ಸ್ಪೀಡು. ಚೈನಿಗೆ ಕೈ ಹಾಕೋ ಮೊದ್ಲು, ಸಿಕ್ಕಿಕೊಂಡ ಚಕ್ಕೆ ತೆಗೆಯೋ ಮೊದ್ಲು, ಜಗಲಿ ಮೇಲೆ ಇಟ್ಟು ಕಾಫಿಗೆ ಹೋಗೋ ಮೊದ್ಲು ಬ್ಯಾಟರಿ ಎಳೆದು ಜೇಬಿಗೆ ಹಾಕಿ. ಮಕ್ಕಳಿರೋ ಮನೇಲಿ ಇದನ್ನ ಮರೀಲೇಬಾರದು.

ಹೇಗೆ ಕುಯ್ಯೋದು ಅನ್ನೋದು ನಿಮಗೆ ಗೊತ್ತಿರೋದೇ, ಆದ್ರೂ ಒಂದು ಮಾತು. ಎರಡೂ ಕಡೆ ಆನಿಸಿಕೊಂಡು ನಡು ಜೋತು ಬಿದ್ದಿರೋ ತುಂಡನ್ನ ಮೇಲಿಂದ ಪೂರ್ತಿ ಕುಯ್ದ್ರೆ ಸೀಳು ಬಾಯಿ ಮುಚ್ಕೊಂಡು ಬಾರನ್ನ ಹಿಡ್ಕೊಳ್ಳತ್ತೆ, ಮೇಲಿಂದ ಮೂರನೇ ಒಂದು ಭಾಗ ಕುಯ್ದು ಆಮೇಲೆ ಕೆಳಗಿಂದ ಬನ್ನಿ. ಒಂದೇ ಕಡೆ ಆಧಾರ ಇದ್ದು ತುದಿ ನೇತಾಡ್ತಿದ್ರೆ ಉಲ್ಟಾ, ಮೊದ್ಲು ಕೆಳಗೆ, ಆಮೇಲೆ ಮೇಲೆ. ಬಿದ್ದ ಅಡಿಕೆ ಮರದ ಹೊರಗಿನ ದಬ್ಬೆ ನಾರು, ಅದಕ್ಕಿಂತ ತೆಂಗು, ಚೈನನ್ನ ಬೇಗ ಮೊಂಡು ಮಾಡತ್ತೆ, ಅಂಥ ದಿನ ಅರ ಜೊತೇಲೇ ಇಟ್ಕೊಳ್ಳಿ.

ಮೊಂಡಾಗಿದೆಯಾ ಅಂತ ಕಣ್ಣಲ್ಲೇ ಗೊತ್ತಾಗತ್ತೆ. ಹರಿತ ಇದ್ರೆ ಚಕ್ಕೆ ಚಕ್ಕೆಯಾಗಿ ಬೀಳತ್ತೆ, ಮೊಂಡಾದ್ರೆ ಹಿಟ್ಟಿನ ಥರ ಪುಡಿ ಬರತ್ತೆ, ಆಗ ನಿಮಗೆ ಒತ್ತಬೇಕು ಅನ್ಸತ್ತೆ, ಒತ್ತಿದಷ್ಟೂ ಬ್ಯಾಟರಿ ಬಿಸಿಯಾಗಿ ಬೇಗ ಖಾಲಿ. ಬ್ಯಾಟರಿ ವೀಕು ಅಂತ ತಂದುಕೊಡೋ ಮೆಷಿನಲ್ಲಿ ಬಹಳಷ್ಟಕ್ಕೆ ನಾನು ಮಾಡೋದು ಚೈನ್ ಮಸೆಯೋದು ಮಾತ್ರ. ಲೋ ಪ್ರೊಫೈಲ್ 3/8 ಇಂಚಿನ (ಅದು ಕೊಂಡಿಗಳ ಅಂತರದ ಅಳತೆ) ಚೈನಿಗೆ 4 ಎಂಎಂ ರೌಂಡ್ ಅರ, ಹಲ್ಲಿನ ಮೇಲೆ ಕೊರೆದಿರೋ ಗೆರೆ ನೋಡ್ಕೊಂಡು 30 ಡಿಗ್ರಿ ಓರೆ, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ವಾಪಸ್ ಎಳೆಯುವಾಗ ಎತ್ತಿಬಿಡಿ, ಪ್ರತಿ ಹಲ್ಲಿಗೂ ಒಂದೇ ಲೆಕ್ಕ, ಮೂರು ಅಂದ್ರೆ ಮೂರು. ಒಂದು ಕಡೆ ಜಾಸ್ತಿ ಮಸೆದ್ರೆ ಕೊಯ್ತ ಓರೆಯಾಗಿ ಹೋಗತ್ತೆ.

ಹಾಗಾಗಿ ನನ್ನ ಸಲಹೆ: 10 ಅಥವಾ 12 ಇಂಚು, ಬ್ರಷ್‌ಲೆಸ್ (ಸವೆಯೋ ಕಾರ್ಬನ್ ಬ್ರಷ್ ಇಲ್ಲದ) ಮೋಟರ್, ಚೈನ್ ಬ್ರೇಕ್, ಆಯಿಲ್ ತಾನಾಗೇ ಬೀಳೋ ವ್ಯವಸ್ಥೆ, 4 ಅಥವಾ 5 ಆಂಪಿಯರ್ ಅವರ್‌ನ ಎರಡು ಬ್ಯಾಟರಿ. ಮನೇಲಿ ಆಗ್ಲೇ ಯಾವುದಾದ್ರೂ ಕಂಪನಿಯ ಬ್ಯಾಟರಿ ಡ್ರಿಲ್ ಇದ್ರೆ ಅದೇ ಕಂಪನಿಯ, ಅದೇ ಬ್ಯಾಟರಿ ಕೂರೋ ಖಾಲಿ ಮೆಷಿನ್ ತಗೊಳ್ಳಿ, ದುಡ್ಡು ತುಂಬಾ ಉಳಿಯತ್ತೆ. ಅದಕ್ಕೆ ಹಾಕೋ ಚೈನ್ ನಿಮ್ಮ ಟೌನಲ್ಲೇ ಸಿಗತ್ತಾ ಕೇಳಿ. ದುಬಾರಿ ಹೌದು, ನಂಗೊತ್ತು, ಈ ವರ್ಷ ಕೈಯಲ್ಲಿ ಅಷ್ಟಿಲ್ಲ ಅಂದ್ರೆ 2,800 ಕೊಟ್ಟು ಅದನ್ನ ತಗೊಳ್ಳೋ ಬದ್ಲು ಒಂದು ಒಳ್ಳೆ ಬಾಗು ಹಲ್ಲಿನ ಕೈಗರಗಸ ತಗೊಂಡು ಇನ್ನೊಂದು ವರ್ಷ ತಡೀರಿ. ಮತ್ತೆ ಸಿಲ್ವರ್ ಓಕ್ ಕಡಿಯೋಕೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಕಾಡು ಜಾತಿ ಮರ ಬುಡಕ್ಕೆ ಕಡಿಯೋದಾದ್ರೆ ಮೊದ್ಲು ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮದು ಸಾಗರದ ಕಡೆ. ಕಳೆದ ವರ್ಷ ಮಗ ಬ್ಯಾಟರಿ ಚೈನ್ ಸಾ ತಂದುಕೊಟ್ಟ, ಚೆನ್ನಾಗೇ ಇತ್ತು. ಮಳೆಗಾಲ ಪೂರ್ತಿ ಅಟ್ಟದ ಮೇಲೆ ಇಟ್ಟಿದ್ದೆ, ದೀಪಾವಳಿಗೆ ತೆಗೆದ್ರೆ ಬ್ಯಾಟರಿ ಚಾರ್ಜೇ ಹಿಡೀತಿಲ್ಲ, ಚೈನಿಗೆ ತುಕ್ಕು. ನಾನೇನು ತಪ್ಪು ಮಾಡಿದೆ?

ಉತ್ತರ: ಅಮ್ಮಾ, ಬಹುಶಃ ಬ್ಯಾಟರಿ ಖಾಲಿ ಆಗಿರುವಾಗಲೇ ಎತ್ತಿಟ್ಟಿದ್ದೀರಿ. ಲಿಥಿಯಂ ಸೆಲ್ ಸುಮ್ನೆ ಇಟ್ರೂ ನಿಧಾನಕ್ಕೆ ಇಳೀತಾ ಹೋಗತ್ತೆ, ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಚಾರ್ಜರ್ ಅದನ್ನ ಮುಟ್ಟಲ್ಲ, ಮುಟ್ಟಬಾರದು ಕೂಡ. ಬೇರೆ ಚಾರ್ಜರಿಂದ ವೈರ್ ಕೊಟ್ಟು ಎಬ್ಬಿಸ್ತೀನಿ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ, ಬೆಂಕಿ ಹತ್ಕೊಳ್ಳೋ ಅಪಾಯ ಇದೆ. ವಾರಂಟಿ ಇದೆಯಾ ಅಂತ ಮಗನ ಹತ್ರ ಬಿಲ್ ಕೇಳಿ.

ಈ ಸಲ ಮಳೆ ಹಿಡಿಯೋ ಮೊದ್ಲು ಬ್ಯಾಟರಿ ಅರ್ಧದಷ್ಟು ಚಾರ್ಜ್ ಮಾಡಿ, ಮೆಷಿನಿಂದ ಬಿಚ್ಚಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಬಟ್ಟೆ ಸುತ್ತಿಡಿ, ಒಳಗೆ ಮೊಳೆ, ಸ್ಪ್ಯಾನರ್ ಏನೂ ಇರಬಾರದು. ಒಲೆ ಹತ್ರದ ಅಟ್ಟ ಬೇಡ, ಶಾಖ ಒಳ್ಳೇದಲ್ಲ. ಎರಡು ತಿಂಗಳಿಗೊಮ್ಮೆ ತೆಗೆದು ಲೈಟ್ ಎಷ್ಟಿದೆ ನೋಡಿ ಸ್ವಲ್ಪ ಚಾರ್ಜ್ ಕೊಡಿ. ಕೆಲಸ ಮುಗಿಸಿದ ಕೂಡ್ಲೇ ಬಿಸಿ ಬ್ಯಾಟರಿ ಚಾರ್ಜಿಗೆ ಹಾಕ್ಬೇಡಿ, ತಣ್ಣಗಾಗ್ಲಿ. ನಿಮ್ಮ ಕಡೆ ಮಳೇಲಿ ದಿನಗಟ್ಟಲೆ ಕರೆಂಟ್ ಇರಲ್ಲ, ಇನ್ವರ್ಟರಲ್ಲಿ ಚಾರ್ಜ್ ಮಾಡೋದಾದ್ರೆ ಸೈನ್ ವೇವ್ ಇನ್ವರ್ಟರ್ ಇರಲಿ. ಚೈನ್ ತುಕ್ಕು ಮೇಲ್ಮೇಲಿದ್ರೆ ಬಿಚ್ಚಿ ಒಂದು ರಾತ್ರಿ ಎಣ್ಣೇಲಿ ನೆನೆಸಿ, ಪ್ರತಿ ಕೊಂಡಿ ಸಲೀಸಾಗಿ ಮಡಚತ್ತಾ ಬೆರಳಲ್ಲಿ ನೋಡಿ, ಯಾವುದಾದ್ರೂ ಒಂದು ಬಿಗಿದ್ದು ಬಿಡ್ತಿಲ್ಲ ಅಂದ್ರೆ ಚೈನ್ ಬದಲಾಯಿಸಿ.

ಪ್ರಶ್ನೆ: ಚೈನ್ ಆಯಿಲ್ ಲೀಟರಿಗೆ ಸಿಕ್ಕಾಪಟ್ಟೆ ರೇಟು. ಬೈಕ್, ಟಿಲ್ಲರಿಂದ ತೆಗೆದ ಸುಟ್ಟ ಆಯಿಲ್ ಹಾಕಬಹುದಾ? ನಮ್ಮೂರಲ್ಲಿ ಎಲ್ರೂ ಅದೇ ಹಾಕ್ತಾರೆ. (ತೀರ್ಥಹಳ್ಳಿ)

ಉತ್ತರ: ಹಾಕ್ಬೇಡಿ. ಅದ್ರಲ್ಲಿ ಎಂಜಿನ್ ಸವೆದ ಕಬ್ಬಿಣದ ಪುಡಿ, ಮಸಿ ಎಲ್ಲ ಇರತ್ತೆ, ಬ್ಯಾಟರಿ ಮೆಷಿನಿನ ಆಯಿಲ್ ಪಂಪ್ ಸಣ್ಣದು, ಬೇಗ ಕಟ್ಕೊಳ್ಳತ್ತೆ. ಅದಕ್ಕಿಂತ ದೊಡ್ಡ ವಿಷ್ಯ, ಚೈನಿಗೆ ಹಾಕಿದ ಆಯಿಲ್ ಒಂದು ಹನಿಯೂ ವಾಪಸ್ ಬರಲ್ಲ, ಅಷ್ಟೂ ನಿಮ್ಮ ತೋಟದ ಮಣ್ಣಿಗೆ, ನೀರು ಬಸಿಯೋ ಕಪ್ಪಿಗೆ (ಕಾಲುವೆಗೆ), ಅಲ್ಲಿಂದ ಬಾವಿಗೆ, ಕುಯ್ಯುವಾಗ ನಿಮ್ಮ ಮುಖಕ್ಕೂ ಹಾರತ್ತೆ. ಚೈನ್ ಆಯಿಲಲ್ಲಿ ಅಂಟು ಗುಣ ಇರತ್ತೆ, ಓಡೋ ಚೈನಿಂದ ಸಿಡಿದು ಹೋಗದೆ ಹಿಡ್ಕೊಳ್ಳತ್ತೆ, ಅದಕ್ಕೇ ಕಮ್ಮಿ ಸಾಕಾಗತ್ತೆ. ಆಯಿಲ್ ಬೀಳ್ತಿದೆಯಾ ಅಂತ ನೋಡೋಕೆ ಬಾರ್ ತುದೀನ ಒಂದು ಬಿಳಿ ಹಾಳೆ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಿಡಿದು ಕೆಲ ಸೆಕೆಂಡ್ ಓಡಿಸಿ, ಸಣ್ಣ ಗೆರೆ ಮೂಡಬೇಕು. ಮೂಡದಿದ್ರೆ ಕೆಲಸ ನಿಲ್ಲಿಸಿ, ಬ್ಯಾಟರಿ ತೆಗೆದು, ಬಾರಿನ ಆಯಿಲ್ ತೂತು ಮತ್ತು ಚೈನ್ ಓಡೋ ಸಂದು ಕ್ಲೀನ್ ಮಾಡಿ, ಹಲಸಿನ ಮರ ಕುಯ್ದ ದಿನ ಅಲ್ಲೆಲ್ಲ ಮೇಣ ಮೆತ್ಕೊಂಡಿರತ್ತೆ.

ಪ್ರಶ್ನೆ: ಮೈಸೂರಲ್ಲಿ ನಮ್ಮ 40–60 ಸೈಟಿನ ಹಿತ್ತಲಲ್ಲಿ ಒಂದು ಮಾವು, ಎರಡು ನುಗ್ಗೆ, ಒಂದು ಸಂಪಿಗೆ. ಕೊಂಬೆ ಕರೆಂಟ್ ವೈರ್ ಹತ್ರ ಹೋಗತ್ತೆ. ಉದ್ದ ಕೋಲಿನ ಬ್ಯಾಟರಿ ಚೈನ್ ಸಾ ತಗೊಳ್ಳಲಾ?

ಉತ್ತರ: ವೈರ್ ಹತ್ರ ಇರೋ ಕೊಂಬೆಗೆ ಯಾವ ಕೋಲೂ ಬೇಡ. ಅಡಿಕೆ ತೋಟದಲ್ಲಿ ಅಲ್ಯೂಮಿನಿಯಂ ದೋಟಿ ವೈರಿಗೆ ತಾಗಿ ಎಷ್ಟು ಜನ ಪ್ರಾಣ ಕಳ್ಕೊಂಡಿದ್ದಾರೆ. ಕರೆಂಟ್ ಕಂಪನಿ ಸೆಸ್ಕ್‌ನ ನಿಮ್ಮ ಸೆಕ್ಷನ್ ಆಫೀಸಿಗೆ ಹೇಳಿ, ಅವರು ಲೈನ್ ಆಫ್ ಮಾಡಿ ಕಡಿಸ್ತಾರೆ. ಉಳಿದಿದ್ದು ವರ್ಷಕ್ಕೆ ಒಂದೆರಡು ದಿನದ ಕೆಲಸ, ನುಗ್ಗೆ ಅಂತೂ ಕತ್ತಿಗೇ ಮುರಿಯೋ ಮರ, ಅದಕ್ಕೆ ಚೈನ್ ಸಾ ಬೇಕಿಲ್ಲ, ಮಾವಿಗೆ ಮಡಚೋ ಕೈಗರಗಸ ಸಾಕು. ಮಾವಿನ ಕೊಂಬೆ ಸವರೋದಾದ್ರೆ ಕಾಯಿ ಕೊಯ್ದ ಮೇಲೆ ಸವರಿ, ಚಳಿಗಾಲದಲ್ಲಿ ಸವರಿದ್ರೆ ಹೂವಿನ ತುದಿನೇ ಹೋಗತ್ತೆ.