ಹೋಮಿಯೋಡೊಮೇನ್‌ನ 51ನೇ ಸ್ಥಾನದ ಬಗ್ಗೆ

ಭ್ರೂಣದಲ್ಲಿ ಯಾವ ದೇಹಭಾಗ ಎಲ್ಲಿ ಬೆಳೆಯಬೇಕೆಂದು ಜೀನ್‌ಗಳ ಮೂಲಕ ನಿರ್ಧರಿಸುವ ಹಾಕ್ಸ್ ಪ್ರೋಟೀನ್‌ಗಳ ಅಮೈನೋ ಆಮ್ಲ ಅನುಕ್ರಮಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಹೋಮಿಯೋಡೊಮೇನ್‌ನ 51ನೇ ಸ್ಥಾನದಲ್ಲಿ ಎಲ್ಲೆಡೆ ಆಸ್ಪರಜೀನ್ ಎಂಬ ಅಮೈನೋ ಆಮ್ಲ ಒಂದೇ ಏಕೆ ಕಾಣುತ್ತದೆ, ಹಾಗಿದ್ದ ಮೇಲೆ ಅವುಗಳ ಕೆಲಸ ಬೇರೆಬೇರೆಯಾಗುವುದು ಹೇಗೆ ಎಂದು ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ.

ಹೋಮಿಯೋಡೊಮೇನ್ ಎಂದರೆ ಈ ಪ್ರೋಟೀನ್‌ಗಳು ಡಿಎನ್‌ಎಗೆ ಅಂಟಿಕೊಳ್ಳುವ ಭಾಗ. ಸುಮಾರು 60 ಅಮೈನೋ ಆಮ್ಲಗಳ ಈ ಡೊಮೇನ್‌ನಲ್ಲಿ ಮೂರು ಸುರುಳಿಗಳಿದ್ದು, ಮೂರನೆಯದು ಡಿಎನ್‌ಎಯ ಅಗಲವಾದ ತೋಡಿನೊಳಗೆ ಕೂರುತ್ತದೆ. 51ನೇ ಆಸ್ಪರಜೀನ್ ಇರುವುದು ಅಲ್ಲಿಯೇ. ಅದರ ತುದಿಯ ಆಮ್ಲಜನಕವು ಟಿಎಎಟಿ ಎಂಬ ಡಿಎನ್‌ಎ ಅನುಕ್ರಮದ ಎರಡನೇ ‘ಎ’, ಅಂದರೆ ಅಡೆನಿನ್‌ನಿಂದ ಹೈಡ್ರೋಜನ್ ಬಂಧವನ್ನು ಸ್ವೀಕರಿಸಿದರೆ, ಸಾರಜನಕವು ಅದೇ ಅಡೆನಿನ್‌ಗೆ ಇನ್ನೊಂದನ್ನು ನೀಡುತ್ತದೆ. ಆಸ್ಪಾರ್ಟಿಕ್ ಆಮ್ಲ ಬಂದರೆ ನೀಡುವ ಕೈ ಇಲ್ಲವಾಗುತ್ತದೆ. ಗ್ಲುಟಮೀನ್ ಬಂದರೆ ಒಂದು ಇಂಗಾಲದಷ್ಟು ಉದ್ದ ಹೆಚ್ಚಿ ಹೊಂದಿಕೆ ತಪ್ಪುತ್ತದೆ. ಇಷ್ಟು ಬಿಗಿಯಾದ ಜಾಗದಲ್ಲಿ ವಿಕಾಸಕ್ಕೆ ಬದಲಾವಣೆಯ ಅವಕಾಶವೇ ಕಡಿಮೆ.

ಪಕ್ಕದ 50ನೇ ಸ್ಥಾನ ಹಾಗಲ್ಲ. ಹಣ್ಣುನೊಣದ ಬೈಕಾಯ್ಡ್ ಎಂಬ ಪ್ರೋಟೀನ್‌ನಲ್ಲಿ ಅಲ್ಲಿರುವ ಲೈಸೀನನ್ನು ಗ್ಲುಟಮೀನ್‌ಗೆ ಬದಲಿಸಿದಾಗ ಅದು ಆಂಟೆನಪೀಡಿಯ ಎಂಬ ಹಾಕ್ಸ್ ಪ್ರೋಟೀನ್ ಕೂರುವ ಡಿಎನ್‌ಎ ತಾಣಗಳನ್ನು ಗುರುತಿಸಿತು ಎಂಬುದು 1989ರಲ್ಲೇ ತಿಳಿದಿತ್ತು. ಆದರೆ ಹಾಕ್ಸ್ ಪ್ರೋಟೀನ್‌ಗಳಲ್ಲಿ 50ನೆಯದೂ ಗ್ಲುಟಮೀನೇ ಆಗಿರುವುದರಿಂದ, ಅವುಗಳ ನಡುವಿನ ವ್ಯತ್ಯಾಸಕ್ಕೆ ಇದು ಉತ್ತರವಾಗದು. ನನ್ನ ಅಭಿಪ್ರಾಯದಲ್ಲಿ ನೀವು ಗಮನವಿಟ್ಟು ನೋಡಬೇಕಾದದ್ದು ಡೊಮೇನ್‌ನ ಆರಂಭದ ಸಡಿಲ ತೋಳನ್ನು, ಅಂದರೆ ಡಿಎನ್‌ಎಯ ಕಿರಿದಾದ ತೋಡಿಗೆ ಇಳಿಯುವ ಭಾಗವನ್ನು. ಎಕ್ಸ್‌ಟ್ರಾಡೆಂಟಿಕಲ್‌ನಂತಹ ಸಹವರ್ತಿ ಪ್ರೋಟೀನ್ ಜೊತೆಗೂಡಿದಾಗ ಈ ತೋಳು ತೋಡಿನ ಅಗಲವನ್ನೂ ಗ್ರಹಿಸಬಲ್ಲದು. ಹಾಕ್ಸ್‌ಗಳ ಆಯ್ಕೆ ಬೇರೆಯಾಗುವುದು ಬಹುಮಟ್ಟಿಗೆ ಇಲ್ಲಿ.

ಒಂದು ಎಚ್ಚರಿಕೆ: 51 ಎಂಬುದು ಡೊಮೇನ್‌ನೊಳಗಿನ ಎಣಿಕೆ, ಇಡೀ ಪ್ರೋಟೀನಿನದಲ್ಲ. ಎಕ್ಸ್‌ಟ್ರಾಡೆಂಟಿಕಲ್‌ನ ಬಂಧುಗಳಾದ ಪಿಬಿಎಕ್ಸ್ ಪ್ರೋಟೀನ್‌ಗಳ ಗುಂಪಿನಲ್ಲಿ ಮೊದಲೆರಡು ಸುರುಳಿಗಳ ನಡುವೆ ಮೂರು ಅಮೈನೋ ಆಮ್ಲಗಳು ಹೆಚ್ಚಿಗೆ ಇರುವುದರಿಂದ, ನೇರವಾಗಿ ಎಣಿಸಿದರೆ ಅದೇ ಆಸ್ಪರಜೀನ್ 54ರಲ್ಲಿ ಸಿಗುತ್ತದೆ.